ಹೆಂಚು ಇಳಿಸಿ ಶೀಟ್ ಹಾಕಿಸುವ ಮುಂಚೆ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಈಗ ಯಾವ ಊರಿಗೆ ಹೋದರೂ ಹಳೇ ಹೆಂಚಿನ ಮನೆಗಳ ಮೇಲೆ ಕೆಂಪು, ಹಸಿರು ಲೋಹದ ಶೀಟ್ ಕಾಣುತ್ತದೆ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಮಂಗಗಳು ಹೆಂಚು ಉಳಿಸುವುದಿಲ್ಲ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಜನ ಸಿಗುವುದಿಲ್ಲ, ರೀಪಿಗೆ ಗೆದ್ದಲು ಹಿಡಿದಿರುತ್ತದೆ. ಹಾಗಾಗಿ ಶೀಟ್ ಹಾಕಿಸಬೇಡಿ ಎಂದು ಯಾರಿಗೂ ಹೇಳುವುದಿಲ್ಲ. ಆದರೆ ಹೆಂಚು ಬರೀ ಮಳೆ ನೀರು ತಡೆಯುತ್ತಿರಲಿಲ್ಲ, ಇನ್ನೂ ಎರಡು ಕೆಲಸ ಮಾಡುತ್ತಿತ್ತು. ಒಂದು, ಹೆಂಚು ಹೆಂಚಿನ ಸಂದಿಯಿಂದ ಒಲೆಯ ಹೊಗೆ, ಬಿಸಿ ಗಾಳಿ ಎಲ್ಲ ಮೇಲೆ ಹೋಗುತ್ತಿತ್ತು. ಇನ್ನೊಂದು, ಒಂದೊಂದೂ ಎರಡು ಕಿಲೋಗಿಂತ ಹೆಚ್ಚು ತೂಗುವ ಸುಟ್ಟ ಮಣ್ಣು ಅದು, ಬಿಸಿಲಿನ ಕಾವು ಅದನ್ನು ದಾಟಿ ಕೆಳಗಿಳಿಯಲು ಹೊತ್ತು ಬೇಕಿತ್ತು. ಹಳೇ ಮನೆಗಳಲ್ಲಿ ಅದರಡಿಗೆ ಮಣ್ಣು ಹಾಕಿದ ಮುಚ್ಚಿಗೆಯೂ ಇರುತ್ತಿತ್ತು. ಅರ್ಧ ಮಿಲಿಮೀಟರ್ ದಪ್ಪದ ಶೀಟಿಗೆ ಈ ಎರಡೂ ಕೆಲಸ ಬರುವುದಿಲ್ಲ. ಅವನ್ನು ನಾವೇ ಬೇರೆಯಾಗಿ ಮಾಡಿಸಬೇಕು. ವೆಲ್ಡಿಂಗ್ ಶಾಪಿನವರು ಕೊಡುವ ಎಸ್ಟಿಮೇಟಿನಲ್ಲಿ ಪೈಪು, ಶೀಟು, ಸ್ಕ್ರೂ, ಕೂಲಿ ಇರುತ್ತದೆ, ಇದು ಇರುವುದಿಲ್ಲ.

ಕಾವು ಹೇಗೆ ಬರುತ್ತದೆ ಎಂದು ಮೊದಲು ನೋಡೋಣ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಒಂದು ಚದರ ಮೀಟರ್ ಮಾಡಿನ ಮೇಲೆ ಹೆಚ್ಚುಕಮ್ಮಿ 1000 ವ್ಯಾಟ್ ಬಿಸಿಲು ಬೀಳುತ್ತದೆ. ಗಾಢ ಬಣ್ಣದ ಶೀಟ್ ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಕುಡಿಯುತ್ತದೆ. ಹೊರಗೆ 34 ಡಿಗ್ರಿ ಇದ್ದರೆ ಶೀಟ್ 65 ಡಿಗ್ರಿ ಮುಟ್ಟುವುದು ಸಾಮಾನ್ಯ. ಅಷ್ಟು ಕಾದ ಶೀಟಿನ ಅಡಿಯಿಂದ ಕೆಳಗಿನವರ ಮೇಲೆ ಚದರ ಮೀಟರಿಗೆ 200 ವ್ಯಾಟಿಗೂ ಹೆಚ್ಚು ಕಾವು ಸೂಸುತ್ತದೆ. 12x10 ಅಡಿಯ ಕೋಣೆ ಎಂದರೆ ಸುಮಾರು 11 ಚದರ ಮೀಟರ್. ಲೆಕ್ಕ ಹಾಕಿ, ಸಾವಿರ ವ್ಯಾಟಿನ ಎರಡು ರೂಮ್ ಹೀಟರ್‌ಗಳನ್ನು ಕೆಳಮುಖ ಮಾಡಿ ತೂಗುಹಾಕಿದ ಹಾಗೆ. ಇದು ಬಿಸಿ ಗಾಳಿಯಲ್ಲ, ಕೆಂಡದ ಮುಂದೆ ಕೂತಾಗ ಮುಖಕ್ಕೆ ಹೊಡೆಯುವಂಥ ಕಾವು. ಅದಕ್ಕೇ ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ನೆತ್ತಿ ಸುಡುತ್ತದೆ. ಮಾಡು ತಗ್ಗಾಗಿದ್ದರಂತೂ ಶೀಟಿನಡಿ ಕಟ್ಟಿಕೊಂಡ ಬಿಸಿ ಗಾಳಿಯನ್ನು ಆ ಫ್ಯಾನೇ ಕೆಳಗೆ ನೂಕುತ್ತದೆ.

ಬಣ್ಣದ ವಿಷಯದಲ್ಲಿ ನಮ್ಮವರು ಎಡವುತ್ತಾರೆ. ಹೆಂಚಿನ ಥರ ಕಾಣಲಿ ಎಂದು ಇಟ್ಟಿಗೆ ಕೆಂಪು, ತೋಟಕ್ಕೆ ಹೊಂದಲಿ ಎಂದು ಕಡು ಹಸಿರು. ಎರಡೂ ಬಿಸಿಲು ಕುಡಿಯುವ ಬಣ್ಣಗಳೇ. ಬಿಳಿ ಅಥವಾ ಕೆನೆ ಬಣ್ಣ ತಗೊಂಡರೆ ಶೀಟಿನ ಬಿಸಿ 15-20 ಡಿಗ್ರಿ ಇಳಿಯುತ್ತದೆ, ಶೀಟಿನ ದರ ಮಾತ್ರ ಅದೇ. ಬಣ್ಣವಿಲ್ಲದ ಹೊಳೆಯುವ ಜಿಂಕ್ ಶೀಟ್ ಬಿಸಿಲನ್ನು ವಾಪಸ್ ಹೊಡೆಯುತ್ತದಲ್ಲ, ಅದು ಸಾಕಲ್ಲವೇ ಎನ್ನುವವರಿದ್ದಾರೆ. ಸ್ಟೀಲ್ ಪಾತ್ರೆಯನ್ನು ಬಿಸಿಲಲ್ಲಿ ಬಿಟ್ಟು ಮುಟ್ಟಿ ನೋಡಿ. ಹೊಳೆಯುವ ಲೋಹ ಬಿಸಿಲು ಕಡಿಮೆ ಹೀರಿದರೂ, ಹೀರಿದ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುವುದರಲ್ಲಿ ಬಲು ಜಿಪುಣ. ಬಿಳಿ ಪೇಂಟ್ ಎರಡನ್ನೂ ಮಾಡುತ್ತದೆ, ಹೀರುವುದೂ ಕಡಿಮೆ, ಬಿಟ್ಟುಕೊಡುವುದೂ ಸಲೀಸು.

ಶೀಟ್ ಮನೆಯೆಂದರೆ ಇಡೀ ದಿನ ಬೇಗೆ ಎಂಬ ಮಾತು ಮಾತ್ರ ಸರಿಯಲ್ಲ. ಶೀಟ್ ತೆಳು, ಸೂರ್ಯ ಇಳಿದ ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತದೆ. ಬಿಸಿಲು ಕುಡಿದ ತಾರಸಿ ಮನೆ ರಾತ್ರಿ ಹನ್ನೊಂದಕ್ಕೂ ಕಾವು ಉಗುಳುತ್ತಲೇ ಇರುತ್ತದೆ. ಹಾಸನದಲ್ಲಿ ತಾರಸಿ ಸೋರುತ್ತದೆ ಎಂದು ಮೇಲೆ ಶೀಟ್ ಹಾಕಿಸುತ್ತಾರಲ್ಲ, ಅದು ಕೆಳಗಿನ ಮನೆಗೆ ದೊಡ್ಡ ಉಪಕಾರ, ಸ್ಲ್ಯಾಬಿಗೆ ನೆರಳು ಸಿಕ್ಕಿತು. ಆದರೆ ನಾಲ್ಕೂ ಕಡೆ ತೆರೆದಿರಬೇಕು. ಎರಚಲು ಹೊಡೆಯುತ್ತದೆ ಎಂದು ಪಕ್ಕಕ್ಕೂ ಶೀಟ್ ಹೊಡೆಸಿ ಮುಚ್ಚಿದರೆ ಒಲೆ ಹೊತ್ತಿಸಿಟ್ಟ ಹಾಗಾಗುತ್ತದೆ. ಎರಚಲಿನ ದಿಕ್ಕಿಗೆ ಮಾತ್ರ ಅರ್ಧ ಎತ್ತರ ಮುಚ್ಚಿ.

ಈಗ ಗಾಳಿಯ ದಾರಿ. ಇದನ್ನು ಶೀಟ್ ಕೂರಿಸುವ ದಿನವೇ ಮಾಡಬೇಕು, ಆಮೇಲೆ ಮಾಡಿಸಲು ಎರಡರಷ್ಟು ಕೆಲಸ. ಬಿಸಿ ಗಾಳಿ ಮಾಡಿನ ನೆತ್ತಿಯಲ್ಲಿ ಸೇರುತ್ತದೆ, ಹೊರಹೋಗುವ ಬಾಯಿ ಅಲ್ಲೇ ಬೇಕು. ತಂಪು ಗಾಳಿ ಒಳಬರುವ ಬಾಯಿ ಕೆಳಗೆ, ಸೂರಿನ ಹತ್ತಿರ ಬೇಕು. ಒಂದೇ ಇದ್ದರೆ ಗಾಳಿ ಆಡುವುದಿಲ್ಲ. 30x20 ಅಡಿಯ ಮನೆ ಎಂದಿಟ್ಟುಕೊಳ್ಳಿ. ನೆತ್ತಿಯಲ್ಲಿ ಎರಡೂ ಕಡೆಯ ಶೀಟ್‌ಗಳು ಒಂದಕ್ಕೊಂದು ತಾಗದಂತೆ ಆಚೆ ಒಂದೂವರೆ, ಈಚೆ ಒಂದೂವರೆ ಇಂಚು ಬಿಡಿಸಿ. 30 ಅಡಿ ಉದ್ದಕ್ಕೆ ಏಳೂವರೆ ಚದರ ಅಡಿ ಬಾಯಿ ಸಿಕ್ಕಿತು, ಜಾಲರಿ ತಿನ್ನುವುದನ್ನು ಕಳೆದರೂ ಸಾಕಷ್ಟು ಉಳಿಯುತ್ತದೆ. ಆ ಸಂದಿ ಮುಚ್ಚುವ ಮೇಲಿನ ರಿಡ್ಜ್ ಕ್ಯಾಪನ್ನು ಶೀಟಿಗೆ ಒತ್ತಿ ಬಡಿಯದೆ, ನಡುನಡುವೆ ಸಣ್ಣ ಪೈಪಿನ ತುಂಡು ಕೊಟ್ಟು ಎರಡು ಇಂಚು ಎತ್ತಿಸಿ. ಕ್ಯಾಪ್ ಎರಡೂ ಕಡೆ ಕನಿಷ್ಠ ಎಂಟು ಇಂಚು ಇಳಿಬಿದ್ದಿರಲಿ, ನಮ್ಮ ಜುಲೈ ಮಳೆ ನೇರ ಬೀಳುವುದಿಲ್ಲ, ಅಡ್ಡ ಹೊಡೆಯುತ್ತದೆ. ಅಡಿಗೆ ಸಣ್ಣ ಕಣ್ಣಿನ ಜಾಲರಿ, ಇಲ್ಲದಿದ್ದರೆ ಬಾವಲಿ, ಅಳಿಲು ಸೇರುತ್ತವೆ. ಸೂರಿನಲ್ಲಿ ಗೋಡೆಗೂ ಶೀಟಿಗೂ ನಡುವೆ ಉಳಿಯುವ ಸಂದಿಗೆ ಸಿಮೆಂಟ್ ಮೆತ್ತಿಸಬೇಡಿ, ಅಲ್ಲೂ ಜಾಲರಿಯೇ ಸಾಕು. ಹಸಿ ಸಿಮೆಂಟ್ ತಾಗಿದ ಜಾಗದಲ್ಲಿ ಶೀಟಿನ ಜಿಂಕ್ ಲೇಪ ಹಾಳಾಗಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಇದೇ ಕಾರಣಕ್ಕೆ ಶೀಟಿನ ಮೇಲೆ ಸುಣ್ಣವನ್ನೂ ಬಳಿಯಬಾರದು, ಅದೇನಿದ್ದರೂ ತಾರಸಿಗೆ.

ಕಾವು ತಡೆಯಲೆಂದು ಶೀಟಿನಡಿಗೆ ಫಾಯಿಲ್ ಹಾಕಿಸುವವರು ಬಹಳ ಜನ ದುಡ್ಡು ದಂಡ ಮಾಡಿಕೊಳ್ಳುತ್ತಾರೆ. ಗುಳ್ಳೆ ಗುಳ್ಳೆಯ, ಬೆಳ್ಳಿ ಬಣ್ಣದ ಆ ಹಾಳೆಯ ಶಕ್ತಿ ಇರುವುದು ದಪ್ಪದಲ್ಲಲ್ಲ, ಹೊಳಪಿನಲ್ಲಿ. ಹೊಳೆಯುವ ಮುಖದ ಎದುರು ಖಾಲಿ ಜಾಗ ಇದ್ದರೆ ಮಾತ್ರ ಅದು ಕಾವನ್ನು ತಡೆಯುತ್ತದೆ. ಪರ್ಲಿನ್, ಅಂದರೆ ಶೀಟ್ ಹೊರುವ ಅಡ್ಡ ಪೈಪುಗಳ ಮೇಲೆ ಬಿಗಿಯಾಗಿ ಹಾಸಿ ಅದರ ಮೇಲೇ ಶೀಟ್ ಕೂರಿಸಿದರೆ ಫಾಯಿಲ್ ಶೀಟಿಗೆ ಅಂಟಿಕೊಂಡು ಮೇಲಿನ ಖಾಲಿ ಜಾಗ ಹೋಯಿತು, ಸ್ಕ್ರೂ ಬಿಗಿದಲ್ಲೆಲ್ಲ ಗುಳ್ಳೆಯೂ ಒಡೆಯಿತು. ಅದರ ಬದಲು ಆ ಎರಡು ಇಂಚಿನ ಬಾಕ್ಸ್ ಪೈಪಿನ ಅಡಿಭಾಗಕ್ಕೆ ಫಾಯಿಲ್ ಕಟ್ಟಿಸಿ, ಆಗ ಶೀಟಿಗೂ ಅದಕ್ಕೂ ನಡುವೆ ಎರಡು ಇಂಚು ತಾನಾಗಿ ಸಿಗುತ್ತದೆ. ಎರಡೂ ಮುಖ ಹೊಳೆಯುವಂಥದ್ದನ್ನೇ ತಗೊಳ್ಳಿ. ಮೇಲ್ಮುಖಕ್ಕೆ ಒಂದೆರಡು ವರ್ಷದಲ್ಲಿ ಧೂಳು ಕೂರುತ್ತದೆ, ಆಮೇಲೆ ಕೆಲಸ ಮಾಡುವುದು ಕೆಳಮುಖವೇ. ಜೋಡಣೆಯಲ್ಲಿ ಮೂರು ಇಂಚು ಒಂದರ ಮೇಲೊಂದು ಬರಲಿ, ಫಾಯಿಲ್ ಟೇಪ್ ಹಚ್ಚಲಿ. ನೆತ್ತಿಯಲ್ಲೂ ಸೂರಿನಲ್ಲೂ ಒಂದೊಂದು ಗೇಣು ಬಿಟ್ಟು ನಿಲ್ಲಿಸಿ, ಆ ಎರಡು ಇಂಚಿನ ಸಂದಿಯಲ್ಲೂ ಗಾಳಿ ಓಡಬೇಕು. ವೈರುಗಳೆಲ್ಲ ವೈರಿಂಗಿನ ಪ್ಲಾಸ್ಟಿಕ್ ಪೈಪಿನೊಳಗೇ ಇರಲಿ, ಫಾಯಿಲಿನಲ್ಲಿ ಕರೆಂಟ್ ಹರಿಯುತ್ತದೆ. ಬಚ್ಚಲ ಹಂಡೆ ಒಲೆ, ಅಡುಗೆ ಒಲೆಯ ಮೇಲೆ ಮಾತ್ರ ಬೇಡವೇ ಬೇಡ. ಒಳಗಿರುವುದು ಪ್ಲಾಸ್ಟಿಕ್, ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ.

ಫಾಯಿಲಿನಿಂದ ಚಳಿಗಾಲಕ್ಕೂ ಉಪಯೋಗವಿದೆ. ಡಿಸೆಂಬರ್ ರಾತ್ರಿ ಮೋಡವಿಲ್ಲದಿದ್ದರೆ ಶೀಟ್ ಹೊರಗಿನ ಗಾಳಿಗಿಂತಲೂ ತಣ್ಣಗಾಗಿ ಅಡಿಯಲ್ಲಿ ಇಬ್ಬನಿ ಕಟ್ಟುತ್ತದೆ. ಬೆಳಗಿನ ಜಾವ ಹಾಸಿಗೆ ಮೇಲೆ ತೊಟ್ಟಿಕ್ಕುವ ನೀರು ಎಷ್ಟೋ ಸಲ ಸೋರಿಕೆಯೇ ಅಲ್ಲ, ಅದು ಈ ಇಬ್ಬನಿ. ಅಡಿಗೆ ಫಾಯಿಲ್ ಇದ್ದರೆ ಅದು ಹಾಸಿಗೆ ಮೇಲೆ ಬೀಳದಂತೆ ತಡೆಯುತ್ತದೆ.

ನಿಜವಾದ ಸೋರಿಕೆಗೂ ಬಿಸಿಲೇ ಮೂಲ. 20 ಅಡಿ ಉದ್ದದ ಉಕ್ಕಿನ ಶೀಟ್ ಬೆಳಗಿನ 15 ಡಿಗ್ರಿಯಿಂದ 65ಕ್ಕೆ ಏರುವಾಗ ಮೂರೂವರೆ ಮಿಲಿಮೀಟರ್ ಹಿಗ್ಗುತ್ತದೆ, ಸಂಜೆ ಮತ್ತೆ ಕುಗ್ಗುತ್ತದೆ. ಅಲ್ಯೂಮಿನಿಯಂ ಆದರೆ ಅದರ ಎರಡರಷ್ಟು. ಸಂಜೆ ಮಾಡಿನಿಂದ ಕೇಳುವ ಟಕ್ ಟಕ್ ಸದ್ದು ಇದೇ. ದಿನಾ ಈ ಎಳೆದಾಟ ತಡೆಯಬೇಕಾದದ್ದು ಸ್ಕ್ರೂ ತಲೆಯಡಿಯ ಕಪ್ಪು ರಬ್ಬರ್ ವಾಷರ್. ಮೆಷಿನ್ ಪೂರ್ತಿ ವೇಗದಲ್ಲಿ ಬಿಟ್ಟರೆ ವಾಷರ್ ಅಪ್ಪಚ್ಚಿಯಾಗಿ ಲೋಹದ ಬಿಲ್ಲೆಯ ಹೊರಗೆ ಹಿಸುಕಿಕೊಂಡು ಬರುತ್ತದೆ, ಒಂದೆರಡು ಬೇಸಿಗೆಗೆ ಬಿರಿಯುತ್ತದೆ. ಬಿಲ್ಲೆಯ ಅಂಚಿನಲ್ಲಿ ರಬ್ಬರ್ ಕೂದಲೆಳೆಯಷ್ಟು ಮಾತ್ರ ಇಣುಕಬೇಕು. ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಬರಲಿ, ನೀರು ಹರಿಯುವ ತಗ್ಗಿನಲ್ಲಿ ಬೇಡ.

ಆಗಲೇ ಕೆಂಪು ಶೀಟ್ ಹಾಕಿಸಿ ಆಗಿದೆ ಎನ್ನುವವರು ಮೊದಲು ರಿಡ್ಜ್ ಕ್ಯಾಪ್ ಎತ್ತಿಸಿ, ಆಮೇಲೆ ಬಿಳಿ ಕೂಲ್ ರೂಫ್ ಪೇಂಟ್, ಫಾಯಿಲ್ ಕೊನೆಗೆ. ಪೇಂಟ್ ಕೆಲಸ ಜನವರಿ ಫೆಬ್ರವರಿಯಲ್ಲಿ, ಇಬ್ಬನಿ ಆರಿದ ಮೇಲೆ, ಶೀಟ್ ಕಾಯುವ ಮುಂಚೆ ಮುಗಿಯಬೇಕು. ಕಾದ ಶೀಟಿನ ಮೇಲೆ ಪೇಂಟ್ ಹಿಡಿಯುವ ಮೊದಲೇ ಒಣಗಿ ಸಿಪ್ಪೆ ಏಳುತ್ತದೆ. ಪಾಚಿ, ಧೂಳು ತೊಳೆದು, ತುಕ್ಕು ಹಿಡಿದಲ್ಲಿ ಉಜ್ಜಿ ಪ್ರೈಮರ್ ಕೊಟ್ಟು, ಎರಡು ಕೋಟ್ ಹೊಡೆಸಿ. ಅರಸೀಕೆರೆ, ಕಡೂರಿನ ಕಡೆ ಧೂಳು ಕೂತರೆ ಮೊದಲ ಮಳೆಗೆ ಅರ್ಧ ತೊಳೆದುಹೋಗುತ್ತದೆ. ಮಲೆನಾಡಿನಲ್ಲಿ ಹಾಗಲ್ಲ, ಒಂದೇ ಮಳೆಗಾಲಕ್ಕೆ ಪಾಚಿ ಕಟ್ಟಿ ಬಿಳಿ ಕಪ್ಪಾಗುತ್ತದೆ, ಕಪ್ಪಾದರೆ ಬಿಳಿ ಹೊಡೆಸಿ ಏನೂ ಬರಲಿಲ್ಲ. ಪ್ರತಿ ಫೆಬ್ರವರಿಯಲ್ಲಿ ಒಮ್ಮೆ ಮೆತ್ತನೆ ಬ್ರಷ್ಷಿನಲ್ಲಿ ತೊಳೆಸಿ. ಕೆಲವರು ಬೇಸಿಗೆಗೆ ಶೀಟಿನ ಮೇಲೆ ಅಡಿಕೆ ಸೋಗೆ ಹೊದಿಸುತ್ತಾರೆ, ಒಳ್ಳೇ ನೆರಳು ಅದು, ಖರ್ಚೂ ಇಲ್ಲ. ಮೇ ಕೊನೆಗೆ ಮಾತ್ರ ಮರೆಯದೆ ಇಳಿಸಿ, ಒದ್ದೆ ಸೋಗೆಯಡಿ ಶೀಟ್ ತುಕ್ಕು ಹಿಡಿಯುತ್ತದೆ.