ಕಾಲು ಬಿಡದ ಪೆಡಲು, ಮಾತು ಬಿಡದ ಊರು

ಶೂವನ್ನು ಕಚ್ಚಿ ಹಿಡಿಯುವ ಸೈಕಲ್ ಪೆಡಲಿನ ಮೂಲ ಹಿಮದಲ್ಲಿದೆ. ಫ್ರಾನ್ಸಿನ ಲುಕ್ ಕಂಪನಿಯವರು ಸ್ಕೀ ಆಡುವವರ ಬೂಟು ಹಿಡಿದಿಡುವ ಬೈಂಡಿಂಗ್ ಮಾಡುತ್ತಿದ್ದವರು. ಅದೇ ಉಪಾಯವನ್ನು 1984ರಲ್ಲಿ ಸೈಕಲ್ಲಿಗೆ ತಂದರು. ಮರುವರ್ಷ ಅಲ್ಲಿಯ ಸೈಕಲ್ ಓಟಗಾರ ಬರ್ನಾರ್ ಇನೋ ಅದನ್ನೇ ತುಳಿದು ಟೂರ್ ಡಿ ಫ್ರಾನ್ಸ್ ಓಟ ಗೆದ್ದ. ಎಲ್ಲ ಸರಿ. ಆದರೆ ಆಲ್ಪ್ಸ್ ಏರಿನಲ್ಲಿ ಇನೋನನ್ನು ಯಾರೂ ಅಡ್ಡಗಟ್ಟಿ "ಎಲ್ಲಿಗೆ ಹೊರಟದ್ದು ಮಾರಾಯಾ? ಮನೆಯಲ್ಲಿ ಎಲ್ಲ ಸೌಖ್ಯವಾ?" ಅಂತ ಕೇಳಿರಲಿಕ್ಕಿಲ್ಲ. ಉಡುಪಿಯಲ್ಲಿ ಕೇಳುತ್ತಾರೆ. ನಿಲ್ಲದೆ ಹೋದರೆ "ಅವ ಈಗ ದೊಡ್ಡ ಜನ" ಅಂತ ಮುಂದಿನ ಮದುವೆ ಊಟದ ಪಂಕ್ತಿಯಲ್ಲಿ ಸುದ್ದಿ ಬರುತ್ತದೆ.

ಅಂಥ ಊರಿನಲ್ಲಿ ನನ್ನ ಸೈಕಲ್ಲಿಗೂ ಅದೇ ಪೆಡಲ್ ಹಾಕಲು ಹೊರಟೆ. ಹಳೆ ಪೆಡಲ್ ಬಿಚ್ಚುವಲ್ಲಿಂದಲೇ ಪೇಚಾಟ ಶುರು. ನನ್ನ ಕೈಯಲ್ಲಿ 15 ಎಂ.ಎಂ. ಸ್ಪ್ಯಾನರ್ ಕಂಡದ್ದೇ ಆಚೆಮನೆ ಮಾವ ಗೇಟು ತೆಗೆದು ಒಳಗೆ ಬಂದರು. ಮಲ್ಪೆ ಬಂದರಿನಲ್ಲಿ ಬೋಟಿನ ಇಂಜಿನ್ ಬಿಚ್ಚಿ ಕಟ್ಟಿಯೇ ತಲೆ ಹಣ್ಣಾದವರು. "ಕೊಡು ಇಲ್ಲಿ" ಅಂದರು. ಬಲಗಡೆಯದ್ದು ಸಲೀಸಾಗಿ ಬಂತು. ಎಡಗಡೆಯದ್ದು ಅಲುಗಲಿಲ್ಲ.

"ಮಾವ, ಎಡದ್ದಕ್ಕೆ ಥ್ರೆಡ್ ಉಲ್ಟಾ ಇರ್ತದೆ."

ತುಳಿಯುತ್ತ ತುಳಿಯುತ್ತ ತಾನಾಗಿ ಕಳಚಿಕೊಳ್ಳದಿರಲಿ ಅಂತ ಎಡ ಪೆಡಲಿಗೆ ಎಡಸುತ್ತಿನ ಥ್ರೆಡ್ ಹಾಕುವುದು ಎಲ್ಲ ಸೈಕಲ್ಲಿನಲ್ಲೂ ಇರುವ ಕ್ರಮ. ಮಾವ ನನ್ನನ್ನು ಒಮ್ಮೆ ನೋಡಿದರು. "ಬೋಲ್ಟಿಗೆ ಎಂತದ್ದು ಎಡ, ಬಲ? ಉಪ್ಪುಗಾಳಿಗೆ ಹಿಡಿದದ್ದು, ಅಷ್ಟೇ" ಅನ್ನುತ್ತ ಮನೆಗೆ ಹೋಗಿ ಒಂದು ಕಬ್ಬಿಣದ ಪೈಪ್ ತಂದರು. ಅದನ್ನು ಸ್ಪ್ಯಾನರಿನ ಹಿಡಿಗೆ ತೂರಿಸಿ, ಒಂದು ಕಾಲನ್ನು ಗೋಡೆಗೆ ಕೊಟ್ಟು, ಬಿಚ್ಚುವ ಉಮೇದಿನಲ್ಲಿ ಇನ್ನಷ್ಟು ಬಿಗಿದರು. ಪ್ರತಿ ಎಳೆತಕ್ಕೂ "ಬಂತು, ಬಂತು" ಅನ್ನುವುದು ಬೇರೆ. ಅಷ್ಟರಲ್ಲಿ ಅವರಿಗೆ ಚಾಕ್ಕೆ ಕರೆ ಬಂತು. ಅವರು ಅತ್ತ ಹೋದದ್ದೇ ಅದೇ ಪೈಪ್ ಹಿಡಿದು ಎದುರು ದಿಕ್ಕಿಗೆ ಜೀಕಿದೆ. ಕರ್ರ್ ಅಂತ ಬಿಟ್ಟಿತು. ಚಾ ಮುಗಿಸಿ ಬಂದ ಮಾವ, "ನಾನು ಸಡಿಲ ಮಾಡಿ ಇಟ್ಟೇ ಹೋದದ್ದು" ಅಂದರು. ಇವತ್ತಿಗೂ ಬೀದಿಯವರಿಗೆಲ್ಲ ಹಾಗೆಯೇ ಹೇಳುತ್ತಾರೆ.

ಹಾಗಾಗಿ ಕ್ಲೀಟ್, ಅಂದರೆ ಪೆಡಲು ಕಚ್ಚಿ ಹಿಡಿಯುವ ಬಿಲ್ಲೆಯನ್ನು ಶೂವಿಗೆ ಕೂರಿಸುವ ಕೆಲಸವನ್ನು ರಾತ್ರಿ ಬಾಗಿಲು ಹಾಕಿಕೊಂಡು ಮಾಡಿದೆ. ಶೂವಿನ ಅಡಿಯಲ್ಲಿ ಮೂರು ತೂತು, ಮೂರು ಬೋಲ್ಟ್, 4 ಎಂ.ಎಂ. ಆಲನ್ ಕೀ. ಶಿಮಾನೋ ಕಂಪನಿಯ ಹಳದಿ ಕ್ಲೀಟಿನಲ್ಲಿ ಪಾದ 6 ಡಿಗ್ರಿ ಅತ್ತಿತ್ತ ಆಡುತ್ತದೆ, ನೀಲಿಯಲ್ಲಿ 2, ಕೆಂಪಿನಲ್ಲಿ ಸೊನ್ನೆ. ಹೊಸದರಲ್ಲೇ ಕೆಂಪು ತರಿಸುವವರ ಮೊಣಗಂಟನ್ನು ದೇವರೇ ಕಾಯಬೇಕು. ಹೆಬ್ಬೆರಳಿನ ಬುಡದ ಉಬ್ಬನ್ನು ಶೂವಿನ ಮೇಲಿಂದಲೇ ಒತ್ತಿ ಹುಡುಕಿ ಪೆನ್ನಿನಲ್ಲೊಂದು ಗೀಟು, ಕಿರುಬೆರಳಿನ ಬುಡಕ್ಕೆ ಇನ್ನೊಂದು. ಪೆಡಲಿನ ಅಚ್ಚು ಈ ಎರಡು ಗೀಟಿನ ನಡುವೆ ಬರುವಂತೆ ಕ್ಲೀಟನ್ನು ಕೂದಲೆಳೆಯಷ್ಟು ಹಿಂದೆ, ಮುಂದೆ ಸರಿಸುತ್ತ ಕೂತುಕೊಳ್ಳಬೇಕು. ಬೋಲ್ಟಿಗೆ ಚೂರು ಗ್ರೀಸ್ ಬೇಕೇ ಬೇಕು, ಇಲ್ಲವಾದರೆ ನಮ್ಮ ಒಂದು ಮಳೆಗಾಲ ಸಾಕು ಅದಕ್ಕೆ ತುಕ್ಕು ಹಿಡಿಸಲು. ಬಿಗಿ 5ರಿಂದ 6 ನ್ಯೂಟನ್ ಮೀಟರ್. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದವರು ಮಾವನ ಕೈಗಿಂತ ತುಂಬ ಕಡಿಮೆ ಅಂತ ಲೆಕ್ಕ ಹಾಕಿಕೊಳ್ಳಬಹುದು.

ಬೆಳಗ್ಗೆ ಆ ಶೂ ಮೆಟ್ಟಿ ಚಾವಡಿಯ ಕೆಂಪು ನೆಲದ ಮೇಲೆ ಟಕ್ ಟಕ್ ಅಂತ ಜಾರುತ್ತ, ಗೋಡೆ ಹಿಡಿಯುತ್ತ ಬಂದೆ. ಅಮ್ಮ ಒಳಗಿನಿಂದಲೇ, "ಯಾವ ಮೇಳಕ್ಕೆ ಸೇರಿದ್ದು? ಕುಣಿಯುವುದಿದ್ದರೆ ಅಂಗಳಕ್ಕೆ ಹೋಗು" ಅಂದರು.

ಬಿಡಿಸಿಕೊಳ್ಳುವ ವಿದ್ಯೆ ಸುಲಭ. ಹಿಮ್ಮಡಿಯನ್ನು ಹೊರಗೆ ತಿರುಗಿಸಿದರೆ ಕ್ಲೀಟ್ ಕಳಚುತ್ತದೆ. ಪೆಡಲಿನ ಹಿಡಿತ ಹೊಂದಿಸುವ ಸಣ್ಣ ಸ್ಕ್ರೂವನ್ನು ಪೂರ್ತಿ ಸಡಿಲಿಗೆ ತಂದು, ಕೆಂಪುಕಲ್ಲಿನ ಕಾಂಪೌಂಡಿಗೆ ಒರಗಿ ಹಾಕಿದೆ, ಬಿಡಿಸಿದೆ, ಹಾಕಿದೆ, ಬಿಡಿಸಿದೆ. ಗೋಡೆಯ ಹತ್ತಿರ ಎಲ್ಲವೂ ಬರುತ್ತದೆ, ಯಾಕೆಂದರೆ ಗೋಡೆ ಮಾತಾಡಿಸುವುದಿಲ್ಲ. ನಿಲ್ಲುವುದಕ್ಕೆ ಹತ್ತು ಮಾರು ಮೊದಲೇ ಕಾಲು ಬಿಡಿಸಬೇಕು ಅನ್ನುವುದು ನಿಯಮ. ಅಂದರೆ ಎಲ್ಲಿ ನಿಲ್ಲುತ್ತೇನೆಂದು ಸವಾರನಿಗೆ ಮುಂಚೆಯೇ ತಿಳಿದಿರಬೇಕು. ನಮ್ಮಲ್ಲಿ ಅದು ಎದುರು ಬರುವವರ ಕೈಯಲ್ಲಿರುವ ವಿಷಯ.

ಮಲ್ಪೆಯಿಂದ ಸೇತುವೆ ದಾಟಿ ಪಡುಕೆರೆ, ಅಲ್ಲಿಂದ ಮಟ್ಟು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಏರಿಲ್ಲದ ರಸ್ತೆ. ಆ ಪೆಡಲ್ ಕಟ್ಟಿಕೊಂಡು ಅಲ್ಲಿ ಹೋಗುವ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ತುಳಿದದ್ದೆಲ್ಲ ಚಕ್ರಕ್ಕೆ ಹೋಗುತ್ತದೆ. ಮಟ್ಟು ಹತ್ತಿರ ಬರುವಾಗ ರಸ್ತೆ ನಡುವೆ ಒಂದು ಕೊಡೆ ಅಡ್ಡ ಬಂತು. ಹಿಂದೆ ದೊಡ್ಡಮ್ಮ.

ನಾನು ಕ್ರಮಬದ್ಧವಾಗಿ ಎಡಗಾಲು ಬಿಡಿಸಿ, ನೆಲಕ್ಕೆ ಊರಿ ನಿಂತೆ. ಆ ಮಟ್ಟಿಗೆ ನೂರಕ್ಕೆ ನೂರು ಅಂಕ. ದೊಡ್ಡಮ್ಮ ಎಡಗಡೆಯಿಂದ ಬಂದು, "ಎಂತ ಮಗಾ, ಇಷ್ಟು ಸಪೂರ ಆಗಿದ್ದೀಯಲ್ಲ!" ಅಂತ ಭುಜಕ್ಕೆ ಪ್ರೀತಿಯಲ್ಲಿ ಒಂದು ತಟ್ಟಿದರು. ಅಷ್ಟು ಸಾಕಾಯಿತು. ಸೈಕಲ್ ಬಲಕ್ಕೆ ವಾಲಿತು, ಬಲಗಾಲು ಅದರ ಜೊತೆಗೇ ಇತ್ತು. 1985ರ ಆ ಟೂರ್‌ನಲ್ಲಿ ಇನೋ ಕೂಡ ಬಿದ್ದು ಮೂಗು ಮುರಿದುಕೊಂಡವನೇ. ಆದರೆ ಅವನು ಓಟದಲ್ಲಿ ಬಿದ್ದದ್ದು. ನಿಂತಲ್ಲೇ ಬೀಳುವವನಿಗೆ ಯೋಚನೆ ಮಾಡಲು ಬೇಕಾದಷ್ಟು ಸಮಯ ಸಿಗುತ್ತದೆ.

"ನೋಡು, ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಹೀಗೇ ಆಗುವುದು" ಅಂದರು ದೊಡ್ಡಮ್ಮ.

"ಕಾಲು ಸಿಕ್ಕಿಬಿದ್ದಿದೆ ದೊಡ್ಡಮ್ಮ."

"ಸಿಕ್ಕಿಬೀಳುವಂಥದ್ದು ಹಾಕಿದ್ದು ಯಾಕೆ?"

"ಜೋರು ಹೋಗಲಿಕ್ಕೆ."

"ಜೋರು ಎಲ್ಲಿಗೆ?"

ಇದಕ್ಕೆ ಮಲಗಿದಲ್ಲಿಂದ ಉತ್ತರ ಕೊಡುವುದು ಕಷ್ಟ. ಮೀನಿನ ಬಾಕ್ಸ್ ಕಟ್ಟಿದ ಬೈಕಿನವರೊಬ್ಬರು ನಿಲ್ಲಿಸಿ, ನನ್ನ ಹಿಮ್ಮಡಿಯ ಕಡೆ ಕಣ್ಣೂ ಹಾಯಿಸದೆ, "ಇದಕ್ಕೆ ಎಷ್ಟು ಕೊಟ್ರಿ?" ಅಂತ ಕೇಳಿದರು. ಹೇಳಿದೆ. "ಬೀಳ್ಲಿಕ್ಕೆ ಅಷ್ಟಾ!" ಅಂದು ಹೊರಟೇ ಹೋದರು. ದೊಡ್ಡಮ್ಮನ ಚೀಲದಿಂದ ಉರುಳಿದ ಒಂದು ಮಟ್ಟುಗುಳ್ಳ, 2011ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದ ಹಸಿರು ಗುಂಡುಬದನೆ, ನನ್ನ ಮೂಗಿನ ಹತ್ತಿರ ಬಂದು ನಿಂತಿತ್ತು. ಎದ್ದ ಮೇಲೆ ಅದನ್ನೂ ಸೇರಿಸಿ ಮೂರು ಗುಳ್ಳಗಳನ್ನು ಜೆರ್ಸಿಯ ಬೆನ್ನಿನ ಮೂರು ಕಿಸೆಗಳಿಗೆ ಅವರೇ ತುರುಕಿದರು.

ಮನೆಗೆ ಮುಟ್ಟುವಾಗ ಅಮ್ಮನ ಫೋನಿಗೆ ವರದಿ ತಲುಪಿತ್ತು: ಮಗನಿಗೆ ತಲೆಸುತ್ತು, ರಸ್ತೆಯಲ್ಲಿ ಬಿದ್ದಿದ್ದಾನೆ, ಡಾಕ್ಟರಿಗೆ ತೋರಿಸಿ. ಪೆಡಲಿನ ವಿಷಯ ಅದರಲ್ಲಿ ಎಲ್ಲೂ ಇರಲಿಲ್ಲ. ಈಗ ಗಂಜಿ ಉಣ್ಣದೆ ಸೈಕಲ್ ಮುಟ್ಟುವ ಹಾಗಿಲ್ಲ.

ಆಮೇಲೊಮ್ಮೆ ಅದೇ ಜಾಗದಲ್ಲಿ ಅದೇ ಕೊಡೆ ಕಂಡಿತು. ಈ ಸಲ ನಾನು ನಿಲ್ಲಲಿಲ್ಲ, ನಿಲ್ಲದೆ ಹೋಗಲೂ ಇಲ್ಲ. ವೇಗ ಇಳಿಸಿ, ಎರಡೂ ಕಾಲು ಕಟ್ಟಿಕೊಂಡೇ ದೊಡ್ಡಮ್ಮನ ಸುತ್ತ ಸೈಕಲ್ ತಿರುಗಿಸುತ್ತ ಅಮ್ಮ ಸೌಖ್ಯ, ತಂಗಿಯ ಪರೀಕ್ಷೆ ಮುಗಿಯಿತು, ಮಾವನ ಸೊಂಟನೋವು ಹಾಗೇ ಉಂಟು ಅಂತ ಒಂದೊಂದೇ ಒಪ್ಪಿಸಿದೆ. ಅವರು ನಿಂತಲ್ಲೇ ನನ್ನ ಜೊತೆ ತಿರುಗುತ್ತ ಎಲ್ಲ ಕೇಳಿಸಿಕೊಂಡರು. ಆಮೇಲೆ ಕೊಡೆ ಎತ್ತಿ ತಡೆದರು.

"ಮೂರು ಸುತ್ತು ಆಯ್ತು ಮಗಾ, ಸಾಕು. ಇನ್ನು ಇಳಿದು ಕಾಲಿಗೆ ಬೀಳು."