ಓಟ್ಸ್ ಏನ್ ಮಾಡ್ತಾನೆ ಅಂತ ಕೇಳೋರಿಗೆ

ಡ್ಯಾರಿಲ್ ಹಾಲ್, ಜಾನ್ ಓಟ್ಸ್ ಅನ್ನೋ ಅಮೆರಿಕದ ಪಾಪ್ ಹಾಡುಗಾರರ ಜೋಡಿ ಬಗ್ಗೆ ಮಾತು ಬಂದಾಗೆಲ್ಲ ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ, ಹಾಡೋದೆಲ್ಲ ಆ ಬಂಗಾರದ ಕೂದಲಿನ ಹಾಲ್, ಪಕ್ಕದಲ್ಲಿ ಮೀಸೆ ಬಿಟ್ಕೊಂಡು ಗಿಟಾರ್ ಹಿಡ್ಕೊಂಡು ನಿಂತಿರ್ತಾನಲ್ಲ ಓಟ್ಸ್, ಅವನ ಕೆಲಸ ಏನು ಅಂತ. ಕೇಳಿ ಕೇಳಿ ನಂಗೆ ಬೇಜಾರಾಗಿದೆ. ಅದಕ್ಕೆ ಇವತ್ತು ಕೂತು ಉದ್ದಕ್ಕೇ ಬರೀತಿದೀನಿ, ಪುರುಸೊತ್ತಿದ್ದೋರು ಓದ್ರಿ.

ಉತ್ತರ ಅವರದೇ ಒಂದು ಆಲ್ಬಂನಲ್ಲಿ ಐತೆ, 'ಲೈವ್ ಅಟ್ ದಿ ಟ್ರೂಬಡೋರ್'. 2008ರ ಮೇ ತಿಂಗಳಲ್ಲಿ ರೆಕಾರ್ಡ್ ಆಗಿದ್ದು, ಅದೇ ವರ್ಷ ನವೆಂಬರ್‌ನಲ್ಲಿ ಸಿಡಿ, ಡಿವಿಡಿ ಬಂತು. ಟ್ರೂಬಡೋರ್ ಅಂದ್ರೆ ಅಮೆರಿಕದ ವೆಸ್ಟ್ ಹಾಲಿವುಡ್‌ನಲ್ಲಿರೋ ಒಂದು ಸಣ್ಣ ಕ್ಲಬ್, ಡಗ್ ವೆಸ್ಟನ್ ಅನ್ನೋರು 1957ರಲ್ಲಿ ಶುರು ಮಾಡಿದ್ದು, ಎಲ್ಟನ್ ಜಾನ್ ಅಮೆರಿಕದಲ್ಲಿ ಮೊದಲ ಸಲ ಹಾಡಿದ್ದು 1970ರಲ್ಲಿ ಇದೇ ಜಾಗದಲ್ಲಿ. ನಮ್ಮೂರಿನ ಒಂದು ಸಾಧಾರಣ ಕಲ್ಯಾಣ ಮಂಟಪದಷ್ಟೂ ಜನ ಹಿಡಿಸಲ್ಲ ಅಲ್ಲಿ. ಹಾಲ್, ಓಟ್ಸ್ ಇಬ್ಬರೂ ಹೆಸರು ಮಾಡೋಕೆ ಮುಂಚೆ, ಎಪ್ಪತ್ತರ ದಶಕದ ಶುರುವಲ್ಲಿ ಅಲ್ಲಿ ಹಾಡಿದ್ರು. ಮತ್ತೆ ಬಂದಾಗ ಹಾಲ್‌ಗೆ 61, ಓಟ್ಸ್‌ಗೆ 60. ನಡುವೆ ಅಮೆರಿಕದ ಚಾರ್ಟ್‌ನಲ್ಲಿ ಆರು ಹಾಡು ಒಂದನೇ ಸ್ಥಾನಕ್ಕೆ ಹೋಗಿತ್ತು, 1977ರ 'ರಿಚ್ ಗರ್ಲ್'ನಿಂದ ಹಿಡಿದು 1984ರ 'ಔಟ್ ಆಫ್ ಟಚ್'ವರೆಗೆ.

ಆ ಆರರಲ್ಲಿ ಹೆಚ್ಚಿನವು ಎಂಬತ್ತರ ದಶಕದವು, ಡ್ರಮ್ ಮಷೀನು, ಸಿಂಥಸೈಜರು, ಎಂಟಿವಿಯ ವಿಡಿಯೋ, ಎಲ್ಲ ಸೇರಿ ಹೊಳಪು ಹೊಡೆದ ಸೌಂಡು. ಜನ ಇವರನ್ನ ನೆನಪಿಟ್ಕೊಂಡಿದ್ದೇ ಆ ಹೊಳಪಿನಿಂದ. ಆದ್ರೆ ಇಬ್ಬರೂ ಮೂಲತಃ ಫಿಲಡೆಲ್ಫಿಯಾದ ಸೋಲ್ (soul, ಅಮೆರಿಕದ ಕಪ್ಪು ಜನರಿಂದ ಬಂದ ಹಾಡಿನ ಶೈಲಿ) ಹಾಡುಗಾರರು. 1967ರಲ್ಲಿ ಅಲ್ಲಿನ ಅಡೆಲ್ಫಿ ಬಾಲ್‌ರೂಮ್‌ನಲ್ಲಿ ಬೇರೆ ಬೇರೆ ಬ್ಯಾಂಡ್ ಕಟ್ಕೊಂಡು ಸ್ಪರ್ಧೆಗೆ ಬಂದಿದ್ರು, ಹುಡುಗರ ಎರಡು ಗ್ಯಾಂಗ್ ನಡುವೆ ಹೊಡೆದಾಟ ಶುರುವಾಗಿ ಗುಂಡು ಹಾರಿ, ಇಬ್ಬರೂ ತಪ್ಪಿಸಿಕೊಳ್ಳೋಕೆ ಓಡಿ ಒಂದೇ ಲಿಫ್ಟ್ ಹತ್ತಿದ್ರು, ಮಾತಾಡಿ ನೋಡಿದ್ರೆ ಓದ್ತಿದ್ದಿದ್ದೂ ಒಂದೇ ಟೆಂಪಲ್ ಯೂನಿವರ್ಸಿಟಿ. ದೋಸ್ತಿ ಹಂಗೆ ಶುರುವಾಯ್ತು. ಟ್ರೂಬಡೋರ್ ರಾತ್ರಿ ಆ ಹೊಳಪನ್ನೆಲ್ಲ ಪಕ್ಕಕ್ಕಿಟ್ಟು ಅಕೂಸ್ಟಿಕ್ ಗಿಟಾರು, ಸಣ್ಣದೊಂದು ಬ್ಯಾಂಡು, ಚಾರ್ಲಿ ಡೀಶಾಂಟ್‌ನ ಸ್ಯಾಕ್ಸೋಫೋನು, ಬಲಗೈ ಬಂಟನಂಗೆ ಅವರ ಹಳೇ ಬೇಸ್ ಗಿಟಾರ್ ವಾದಕ ಟಿ-ಬೋನ್ ವೋಕ್, ಇಷ್ಟೇ ಇಟ್ಕೊಂಡು ಹಾಡಿದ್ರು. ಅವತ್ತು ಓಟ್ಸ್ ಕೇಳಿಸ್ತಾನೆ. ನಾನು ಇಷ್ಟುದ್ದ ಹೇಳ್ತಿರೋದೇ ಅದನ್ನ.

'ಶೀಸ್ ಗಾನ್' ತಗೊಳ್ರಿ. 1973ರ 'ಅಬ್ಯಾಂಡನ್ಡ್ ಲಂಚನೆಟ್' ಆಲ್ಬಂನ ಹಾಡು, ಆರಿಫ್ ಮರ್ದಿನ್ ಪ್ರೊಡ್ಯೂಸ್ ಮಾಡಿದ್ದು. ಹೊಸ ವರ್ಷದ ಹಿಂದಿನ ರಾತ್ರಿ ಬರ್ತೀನಿ ಅಂದ ಹುಡುಗಿ ಬರಲಿಲ್ಲ ಅಂತ ಓಟ್ಸ್ ಒಬ್ಬನೇ ಗಿಟಾರ್ ಹಿಡ್ಕೊಂಡು ಕೂತಾಗ ಪಲ್ಲವಿ ಹುಟ್ಟಿದ್ದು, ಅದೇ ಹೊತ್ತಿಗೆ ಹಾಲ್‌ನ ಮದುವೆ ಮುರಿದು ಬೀಳ್ತಿತ್ತು, ಅವನು ತನ್ನ ಸಂಕಟ ತಂದು ಸೇರಿಸಿದ. ಮೊದಲ ಸಲ ಬಿಟ್ಟಾಗ ಓಡಲಿಲ್ಲ. 1974ರಲ್ಲಿ ತವಾರೆಸ್ ಅನ್ನೋ ಗುಂಪು ಇದನ್ನ ಹಾಡಿ ಆರ್ ಅಂಡ್ ಬಿ (ರಿದಂ ಅಂಡ್ ಬ್ಲೂಸ್) ಹಾಡುಗಳ ಚಾರ್ಟ್‌ನ ತುದಿಗೆ ಒಯ್ತು, 1976ರಲ್ಲಿ ಇವರದೇ ರೆಕಾರ್ಡ್ ಮತ್ತೆ ಬಿಟ್ಟಾಗ 7ನೇ ಸ್ಥಾನ ಸಿಕ್ತು. ಈ ಹಾಡಿನ ಚರಣ ಕಿವಿಗೊಟ್ಟು ಕೇಳಿದ್ರೆ ಇಬ್ಬರೂ ಜೊತೆಜೊತೆಗೇ ಹೇಳ್ತಾರೆ, ಓಟ್ಸ್ ಕೆಳಗಿನ ಸ್ಥಾಯಿಯಲ್ಲಿ, ಹಾಲ್ ಮೇಲೆ. ಸ್ಟುಡಿಯೋ ರೆಕಾರ್ಡ್‌ನಲ್ಲಿ ಪಿಟೀಲುಗಳ ಸಾಲು, ಸ್ಯಾಕ್ಸು ಎಲ್ಲ ಇರೋದ್ರಿಂದ ಕೆಳಗಿನ ದನಿ ಬರೀ ನೆರಳಿನಂಗೆ ಅನ್ನಿಸಿ ಮುಂದೆ ಹೋಗ್ಬಿಡುತ್ತೆ. ಟ್ರೂಬಡೋರ್‌ನಲ್ಲಿ ಆ ದನಿ ಎದುರಿಗೇ ಬಂದು ಕೂರುತ್ತೆ, ದಪ್ಪನೆ, ಸ್ವಲ್ಪ ಒರಟು, ಮಾತಾಡಿದಂಗೆ ಹಾಡೋ ದನಿ. ಹಾಡಿನ ಕೊನೆಗೆ ಶ್ರುತಿ ಮೆಟ್ಟಿಲು ಮೆಟ್ಟಿಲಾಗಿ ಏರೋ ಜಾಗ ಐತಲ್ಲ, ಅಲ್ಲಿ ಹಾಲ್ ತನ್ನ ಪಾಡಿಗೆ ಮೇಲೆ ಹೋಗಿ ಕೂಗಾಡೋಕೆ ಧೈರ್ಯ ಎಲ್ಲಿಂದ ಬಂತು? ಕೆಳಗೆ ಓಟ್ಸ್ ಪಲ್ಲವಿ ಬಿಡದೇ ಹಿಡ್ಕೊಂಡಿರ್ತಾನೆ, ಅಲ್ಲಿಂದ.

ನಾನು ಇಲ್ಲಿ ದಾವಣಗೆರೆ ಸುತ್ತಮುತ್ತ ರಸಮಂಜರಿ ಕಾರ್ಯಕ್ರಮಗಳಿಗೆ ಕೀಬೋರ್ಡ್ ನುಡಿಸೋನು, ಜೊತೆಗೆ ಕೋರಸ್ಸೂ ಹೇಳ್ತೀನಿ. ಗಣಪತಿ, ದುಗ್ಗಮ್ಮನ ಜಾತ್ರೆ, ರಾಜ್ಯೋತ್ಸವ, ಎಲ್ಲ ಸ್ಟೇಜಲ್ಲೂ ಒಂದೇ ಕಥೆ. ಮಿಕ್ಸರ್ ಮುಂದೆ ಕೂತಿರೋನು ಮೇನ್ ಸಿಂಗರ್‌ದು ಏರಿಸಿ, ಅದಕ್ಕೊಂದು ಎಕೋ ಹಾಕಿ, ರಿದಂ ಪ್ಯಾಡ್ ಏರಿಸಿ, ಆಮೇಲೆ ಕೋರಸ್ ಮೈಕಿನ ಫೇಡರ್ ಬೆರಳಲ್ಲಿ ಮೆಲ್ಲಗೆ ಕೆಳಗೆ ಎಳೀತಾನೆ, ಸ್ಟೇಜ್ ಮೇಲಿಂದ ನಂಗೆ ಅದು ಕಾಣುತ್ತೆ. "ಅಣ್ಣ, ಎರಡನೇ ದನಿ ಸ್ವಲ್ಪ ಬಿಡಣ್ಣ" ಅಂದ್ರೆ "ಕೋರಸ್ ಅಷ್ಟೇ ಅಲ್ವೇನ್ರೀ, ಟ್ರ್ಯಾಕಲ್ಲೇ ಐತೆ ಬಿಡ್ರಿ" ಅಂತಾನೆ. ಅವನನ್ನ ಬೈಯೋಕೂ ಆಗಲ್ಲ, ಕಮಿಟಿಯೋರಿಗೆ ಬೇಕಿರೋದು ಎದೆಗೆ ಗುದ್ದೋ ಸೌಂಡು. ಆದ್ರೆ ನೋವಾಗುತ್ತೆ. ಯುಗಳ ಗೀತೆಯಲ್ಲೂ ಹಿಂಗೇ ಆಗೋದು ನೋಡಿದೀನಿ, ಹೆಸರಿದ್ದೋರ ಮೈಕು ಒಂದು ಕೈ ಮೇಲೆ, ಇನ್ನೊಬ್ಬರದು ಕೆಳಗೆ.

ಹಂಗಂತ ಎರಡನೇ ದನಿಯ ಬೆಲೆ ಗೊತ್ತಿಲ್ಲದ ಸೀಮೆ ಏನಲ್ಲ ನಮ್ಮದು. ಚಳ್ಳಕೆರೆ ಕಡೆ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿ ಹಾಡಿದ ನೆಲ ಇದು. ಸೋಬಾನೆ ಪದದಲ್ಲಿ ಒಬ್ಬಾಕೆ ಎತ್ತಿಕೊಡ್ತಾಳೆ, ಜೊತೆಗಿರೋರು ಸೊಲ್ಲು ಹಿಡೀತಾರೆ, ಅವರು ಹಿಡಿದ ಮೇಲೇ ಎತ್ತಿಕೊಟ್ಟಾಕೆಗೆ ಉಸಿರು ತಗೊಂಡು ಮುಂದಿನ ಸಾಲು ನೆನಪು ಮಾಡ್ಕೊಳ್ಳೋಕೆ ಜಾಗ ಸಿಗೋದು. ಜೋಡೆತ್ತು ಕಟ್ಟಿ ರಂಟೆ ಹೊಡೆಯೋನಿಗೆ ಇದು ಬಿಡಿಸಿ ಹೇಳ್ಬೇಕಿಲ್ಲ, ಬಿರುಸಾಗಿ ಹೋಗೋ ಎತ್ತನ್ನ ದಾರೀಲಿ ಹೋಗೋರು ಹೊಗಳ್ತಾರೆ, ಇನ್ನೊಂದು ಎತ್ತು ಹೆಗಲು ಕೊಡಲಿಲ್ಲ ಅಂದ್ರೆ ಸಾಲು ಸೊಟ್ಟ ಆಗೋದು ಹೊಲದ ಯಜಮಾನನಿಗೇ ಗೊತ್ತು. ರಾಜನ್-ನಾಗೇಂದ್ರ ಅಂತ ನಾವು ಒಂದೇ ಉಸಿರಿಗೆ ಹೇಳ್ತೀವಲ್ಲ, ಅಲ್ಲಿ ಯಾರಾದ್ರೂ ನಾಗೇಂದ್ರ ಏನ್ ಮಾಡ್ತಿದ್ರು ಅಂತ ಕೇಳ್ತಾರಾ? ಓಟ್ಸ್‌ನ ಮಾತ್ರ ಕೇಳ್ತಾರೆ. ಹಾಲ್, ಓಟ್ಸ್ ಆಲ್ಬಂ ಕವರ್ ಮೇಲೆ ನೋಡ್ರಿ, ಇಬ್ಬರ ಪೂರ್ತಿ ಹೆಸರೂ ಬಿಡಿಬಿಡಿಯಾಗಿ ಇರುತ್ತೆ.

ಇನ್ನು 'ಮ್ಯಾನ್‌ಈಟರ್'. 1982ರ ಹಾಡು, ನಾಲ್ಕು ವಾರ ಒಂದನೇ ಸ್ಥಾನದಲ್ಲಿತ್ತು. ಪಲ್ಲವಿ ಮೊದಲು ಹೊಳೆದದ್ದು ಓಟ್ಸ್‌ಗೆ, ಅವನು ಅದನ್ನ ಜಮೈಕಾದ ರೆಗೇ ಧಾಟಿಯಲ್ಲಿ ಯೋಚನೆ ಮಾಡಿದ್ದ, ಹಾಲ್ ಅದನ್ನ ಮೋಟೌನ್ ಅನ್ನೋ ಸೋಲ್ ರೆಕಾರ್ಡ್ ಕಂಪನಿಯ ಹಾಡುಗಳ ನಡೆಗೆ ತಿರುಗಿಸಿದ. ಹೆಂಗಸಿನ ಬಗ್ಗೆ ಅಂತ ಎಲ್ಲರೂ ಅಂದ್ಕೊಂಡಿರೋ ಈ ಹಾಡು ನಿಜಕ್ಕೂ ಆ ಕಾಲದ ನ್ಯೂಯಾರ್ಕ್ ನಗರದ ದುರಾಸೆ ಬಗ್ಗೆ ಬರೆದದ್ದು ಅಂತ ಅವರೇ ಹೇಳಿದಾರೆ. 'ಐ ಕ್ಯಾಂಟ್ ಗೋ ಫಾರ್ ದಟ್' ಇನ್ನೂ ದೊಡ್ಡ ಪರೀಕ್ಷೆ, ಯಾಕಂದ್ರೆ ಅದು ಹುಟ್ಟಿದ್ದೇ ರೋಲ್ಯಾಂಡ್ ಕಂಪನಿಯ ಸಣ್ಣ ರಿದಂ ಪೆಟ್ಟಿಗೆಯ ಟಿಕ್ ಟಿಕ್ ಮೇಲೆ. 'ಬಿಲ್ಲಿ ಜೀನ್'ಗೆ ಇದರ ಬೇಸ್ ನಡೆ ತಗೊಂಡೆ ಅಂತ ಮೈಕಲ್ ಜಾಕ್ಸನ್ನೇ ತನ್ನ ಹತ್ರ ಹೇಳಿದ್ದ ಅಂತ ಹಾಲ್ ಎಷ್ಟೋ ಸಲ ನೆನೆಸ್ಕೊಂಡಿದಾನೆ. ಮಷೀನಿನ ಹಾಡನ್ನ ಮನುಷ್ಯರ ಕೈಗೆ ಕೊಟ್ರೆ ಸಪ್ಪೆ ಆಗುತ್ತೆ ಅಂದ್ಕೊಂಡ್ರೆ ಇಲ್ಲಿ ಇನ್ನೂ ಬಿಚ್ಕೊಂಡು ಹರಿಯುತ್ತೆ, ಆತುರ ಇಲ್ಲ. 'ಕಿಸ್ ಆನ್ ಮೈ ಲಿಸ್ಟ್' ಬಗ್ಗೆ ಮಾತ್ರ ನಂಗೆ ಅಷ್ಟು ಸಮಾಧಾನ ಇಲ್ಲ, ಆ ಹಾಡಿಗೆ ಸ್ಟುಡಿಯೋದ ಬಿಗಿ ಬೇಕಿತ್ತು, ಇಲ್ಲಿ ಜನರ ಚಪ್ಪಾಳೆಗೋಸ್ಕರ ಹಾಡಿದಂಗೆ ಐತೆ. ಇರ್ಲಿ.

ಹಾಲ್‌ನ ದನಿ ಬಗ್ಗೆ ಒಂದು ಮಾತು. 61ರ ಗಂಟಲು 29ರ ಗಂಟಲಾಗಲ್ಲ. 'ಸಾರಾ ಸ್ಮೈಲ್' 1976ರಲ್ಲಿ ಹಿಟ್ ಆದಾಗ ಅವನು ರೇಷ್ಮೆ ಎಳೆದಂಗೆ ಹಾಡಿದ್ದ, ಇಲ್ಲಿ ಅದನ್ನ ಹಂಗೇ ಒಪ್ಪಿಸೋಕೆ ಹೋಗಲ್ಲ. ಸಾಲನ್ನ ಬಗ್ಗಿಸ್ತಾನೆ, ಮುಟ್ಟಕ್ಕಾಗದ ಸ್ವರದ ಪಕ್ಕದಿಂದ ಬೇರೆ ದಾರಿ ಹುಡುಕ್ತಾನೆ, ಕೊನೆಗೆ ಮಾತೇ ಇಲ್ಲದೆ ಬರೀ ಆಲಾಪದಲ್ಲಿ ಆಡ್ತಾನೆ. ನಮ್ಮಲ್ಲಿ ವಯಸ್ಸಾದ ಗಾಯಕರನ್ನ ಕರೆಸಿ ಹಳೇ ರೆಕಾರ್ಡಿನಂಗೇ ಹಾಡ್ರಿ ಅಂತ ಜನ ಕೂಗ್ತಾರಲ್ಲ, ಅದು ಬಿಡ್ಬೇಕು. ಆ ವಯಸ್ಸಿನ ದನಿಗೆ ಏನು ಸಾಧ್ಯನೋ ಅದನ್ನ ಕೇಳೋ ತಾಳ್ಮೆ ನಮಗೆ ಬೇಕು.

ಓಟ್ಸ್ ತಾನೇ ಮುಂದೆ ನಿಂತು ಹಾಡೋ 'ಹ್ಯಾಡ್ ಐ ನೋನ್ ಯು ಬೆಟರ್ ದೆನ್' ಕೂಡ ಇಲ್ಲಿ ಐತೆ, 1973ರ ಅದೇ ಆಲ್ಬಂದು, ಅವನೇ ಬರೆದದ್ದು. ಹಿಟ್ ಹಾಡಲ್ಲ, ಯಾರ ಪ್ಲೇಲಿಸ್ಟ್‌ನಲ್ಲೂ ಸಿಗಲ್ಲ. ಅವನ ದನಿ ಒಂದೇ ಕೇಳಿ ಕಿವಿಗೆ ಗುರುತಾಗ್ಲಿ, ಆಮೇಲೆ ಉಳಿದ ಹಾಡುಗಳಿಗೆ ಹೋಗ್ರಿ, ಎಲ್ಲೆಲ್ಲಿ ಅವನಿದ್ದಾನೆ ಅಂತ ತಾನಾಗೇ ಗೊತ್ತಾಗುತ್ತೆ.

ಈಗ ಇದನ್ನ ಕೇಳುವಾಗ ಎದೆ ಭಾರ ಆಗುತ್ತೆ, ಸುಳ್ಳು ಹೇಳಲ್ಲ. ಟಿ-ಬೋನ್ ವೋಕ್ 2010ರ ಫೆಬ್ರವರಿಯಲ್ಲಿ ತೀರಿಕೊಂಡ. 2014ರಲ್ಲಿ ಜೋಡಿಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಬಂತು. 2023ರಲ್ಲಿ ಓಟ್ಸ್ ಇಬ್ಬರ ಜಂಟಿ ವ್ಯವಹಾರದಲ್ಲಿನ ತನ್ನ ಪಾಲನ್ನ ಒಂದು ಕಂಪನಿಗೆ ಮಾರೋ ವಿಚಾರಕ್ಕೆ ಹಾಲ್ ಕೋರ್ಟಿಗೆ ಹೋದ, ಲಿಫ್ಟ್‌ನಲ್ಲಿ ಶುರುವಾದ ದೋಸ್ತಿ ವಕೀಲರ ಕೈಗೆ ಸಿಕ್ತು. ಯಾರು ಸರಿ ಅಂತ ಇಲ್ಲಿ ಕೂತು ತೀರ್ಪು ಕೊಡೋ ಆಸೆ ನಂಗಿಲ್ಲ, ಕಾಮೆಂಟಲ್ಲಿ ಆ ಜಗಳ ತರಬೇಡ್ರಿ ಅಂತ ಕೇಳ್ಕೋತೀನಿ. ವ್ಯವಹಾರ ಅವರದು, ಹಾಡು ಕೇಳಿದ್ದು ನಾವು.

ಒಂದು ಕೋರಿಕೆ ಐತೆ. ಈ ಸಲ ಗಣಪತಿಗೆ ನಮ್ಮ ಓಣಿ ಕಮಿಟಿಯೋರ ಹತ್ರ ಅರ್ಧ ಗಂಟೆ ಕೇಳಿದೀನಿ. ಟ್ರ್ಯಾಕ್ ಬೇಡ, ಪ್ಯಾಡ್ ಬೇಡ, ಹಾರ್ಮೋನಿಯಂ, ತಬಲಾ, ಒಂದು ಗಿಟಾರು, ಎರಡು ಮೈಕು, ಎರಡರದ್ದೂ ಫೇಡರ್ ಒಂದೇ ಮಟ್ಟದಲ್ಲಿ. ಹಳೇ ಯುಗಳ ಗೀತೆ, ಭಾವಗೀತೆ, ಒಂದೆರಡು ಸೋಬಾನೆ ಪದ ಹಾಡೋಣ ಅಂತ. ಕೆಳಗಿನ ಸ್ಥಾಯಿಯಲ್ಲಿ ಅಳುಕಿಲ್ಲದೆ ನಿಲ್ಲೋ ದನಿ ಬೇಕು, ಗಂಡು ಹೆಣ್ಣು ಯಾರಾದ್ರೂ ಸರಿ, ವಯಸ್ಸು ಎಷ್ಟಿದ್ರೂ ಸರಿ. ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆ ಅಂಥೋರು ಯಾರಾದ್ರೂ ಗೊತ್ತಿದ್ರೆ ಇನ್‌ಬಾಕ್ಸ್‌ಗೆ ಒಂದು ಮಾತು ಹಾಕ್ರಿ, ಪ್ರಾಕ್ಟೀಸ್ ಭಾನುವಾರ ಬೆಳಗ್ಗೆ ಇಟ್ಕೊಳ್ಳೋಣ.