ಟೀವಿ ಬಿಡಿ, ಕಂಪ್ಯೂಟರ್ ಹಾಕಬೇಕು

ಪುಣೆಯಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ 1987ರಲ್ಲಿ ಶಿವಮೊಗ್ಗದ ನಮ್ಮ ಮನೆಗೆ ಒಂದು ಕಂಪ್ಯೂಟರ್ ತಂದರು. ಡಿಬಿ ಸ್ಪೆಕ್ಟ್ರಮ್ ಪ್ಲಸ್. ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಕಂಪನಿಯ ಯಂತ್ರ. ಲೈಸೆನ್ಸ್ ಪಡೆದು ಡೆಸಿಬೆಲ್ಸ್ ಅನ್ನುವ ಕಂಪನಿ ಅದನ್ನು 1986ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಿಟ್ಟಿತ್ತು. ಡಬ್ಬ ಬಿಚ್ಚಿದರೆ ಒಂದು ಕರೀ ಕೀಬೋರ್ಡು, ಒಂದು ಅಡಾಪ್ಟರು, ಒಂದಿಷ್ಟು ವೈರು. ಅಜ್ಜಿ ಡಬ್ಬದೊಳಗೆ ಕೈ ಹಾಕಿ ತಡಕಾಡಿ, "ಉಳಿದಿದ್ದು ಎಲ್ಲೋ?" ಅಂದರು.

ಕಂಪ್ಯೂಟರ್ ಆ ಕೀಬೋರ್ಡಿನೊಳಗೇ ಇತ್ತು. ಉಳಿದಿದ್ದೆಲ್ಲ ನಮ್ಮ ಮನೆಯಲ್ಲೇ ಇತ್ತು, ಆದರೆ ಬೇರೆಯವರ ಹತ್ತಿರ! ಪರದೆಗೆ ಟೀವಿ ಬೇಕು. ಪ್ರೋಗ್ರಾಂ ಇಟ್ಟುಕೊಳ್ಳಲು ಅಪ್ಪನ ಟೂ-ಇನ್-ಒನ್, ಅಂದರೆ ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಒಂದೇ ಆಗಿದ್ದ ಡಬ್ಬ, ಬೇಕು. ಕರೆಂಟಿಗೆ ಅಮ್ಮನ ಮಿಕ್ಸಿಯ ಪ್ಲಗ್ಗು ಬೇಕು. ಎಲ್ಲರ ಹತ್ತಿರವೂ ಸಾಲ ಕೇಳಿಯೇ ಬದುಕುವ ಕಂಪ್ಯೂಟರ್ ಅದು.

ಟೀವಿಯದ್ದೇ ದೊಡ್ಡ ರಾಮಾಯಣ. ಆಂಟೆನಾ ವೈರು ಕಿತ್ತು, ಅದೇ ತೂತಿಗೆ ಕಂಪ್ಯೂಟರಿನ ವೈರು ಸಿಕ್ಕಿಸಬೇಕು. ಆಮೇಲೆ ಟ್ಯೂನಿಂಗ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಮಳೆ ಸುರಿದಂಥ ಪರದೆಯ ಕೆಳಗೆ ಸಿಂಕ್ಲೇರ್ ರಿಸರ್ಚ್, 1982 ಅನ್ನುವ ಸಾಲು ಮೂಡುತ್ತಿತ್ತು. ಯಂತ್ರಕ್ಕೆ ಎಂಟು ಬಣ್ಣ ಬರುತ್ತಿತ್ತು. ನಮ್ಮ ಟೀವಿ ಬ್ಲ್ಯಾಕ್ ಆ್ಯಂಡ್ ವೈಟ್. ಹಾಗಾಗಿ ನಾವು ಕೆಂಪು ಬೂದು, ಹಸಿರು ಬೂದು, ಹಳದಿ ಬೂದು ಅಂತ ಅಂದಾಜಿನ ಮೇಲೆ ಆಡುತ್ತಿದ್ದೆವು. ವಾರ್ತೆಯ ಹೊತ್ತಿಗೆ ಆಂಟೆನಾ ವಾಪಸ್ ಸಿಕ್ಕಿಸಿದರೆ ಚಿತ್ರ ಸುತಾರಾಂ ಬರುತ್ತಿರಲಿಲ್ಲ. ಅಣ್ಣ ತಾರಸಿ ಹತ್ತುವುದು, "ಬಂತಾ?" ಅನ್ನುವುದು, ನಾನು ಕಿಟಕಿಯಿಂದ "ಇಲ್ಲ" ಅನ್ನುವುದು. ಅಷ್ಟರಲ್ಲಿ ವಾರ್ತೆ ಮುಗಿದು ಹವಾಮಾನ ಬಂದಿರುತ್ತಿತ್ತು. ಅಪ್ಪ ಎಷ್ಟೋ ತಿಂಗಳು ಹವಾಮಾನ ಮಾತ್ರ ನೋಡಿದರು.

ಆ ಕಂಪ್ಯೂಟರಿಗೆ ಇದ್ದ ಮೆಮೊರಿ 48 ಕೆ.ಬಿ. ಈಗ ಬೆಳಗಾದರೆ ವಾಟ್ಸಾಪಿಗೆ ಬರುವ ಗುಲಾಬಿ ಹೂವಿನ ಶುಭೋದಯ ಇದೆಯಲ್ಲ, ಬಹಳ ಸಲ ಅದೊಂದೇ ಇದಕ್ಕಿಂತ ಜಾಸ್ತಿ ತೂಗುತ್ತದೆ. ಸ್ವಿಚ್ ಆರಿಸಿದರೆ ಆ 48 ಕೆ.ಬಿ.ಯೂ ಖಾಲಿ. ಉಳಿಸಬೇಕು ಅಂದರೆ ಕ್ಯಾಸೆಟ್ಟಿಗೆ ತುಂಬಬೇಕು. ಪ್ರೋಗ್ರಾಂ ಅನ್ನುವುದು ಕೀಚಲು ಶಬ್ದವಾಗಿ ಟೇಪಿನೊಳಗೆ ಹೋಗುತ್ತದೆ, ಶಬ್ದವಾಗಿಯೇ ವಾಪಸ್ ಬರುತ್ತದೆ.

ಖಾಲಿ ಕ್ಯಾಸೆಟ್ಟಿಗೆ ದುಡ್ಡು ಎಲ್ಲಿಂದ ಬರಬೇಕು? ಅಣ್ಣ ಅಜ್ಜಿಯ ದಾಸರ ಪದದ ಕ್ಯಾಸೆಟ್ ತೆಗೆದ. ಮೇಲೆ ಯಾರೂ ರೆಕಾರ್ಡ್ ಮಾಡಬಾರದು ಅಂತ ಕಂಪನಿಯವರು ಅದರ ಅಂಚಿನ ಪುಟ್ಟ ಪ್ಲಾಸ್ಟಿಕ್ ಚೂರು ಮುರಿದು ಕಳಿಸಿರುತ್ತಾರೆ. ಆ ತೂತಿಗೆ ಸೆಲ್ಲೋ ಟೇಪ್ ಅಂಟಿಸಿದರೆ ಆಯಿತು, ಯಾವ ಪದದ ಮೇಲೆ ಏನನ್ನು ಬೇಕಾದರೂ ತುಂಬಬಹುದು. ಮರುದಿನ ಬೆಳಗ್ಗೆ ಅಜ್ಜಿ ಹೂ ಕಟ್ಟುತ್ತಾ ಕೂತಿದ್ದರು. ಟೂ-ಇನ್-ಒನ್‌ನಲ್ಲಿ ಪಲ್ಲವಿ ಆಯಿತು, ಅನುಪಲ್ಲವಿ ಆಯಿತು, ಚರಣಕ್ಕೆ ಹೋಗುವಷ್ಟರಲ್ಲಿ "ಕೀಂಂಂ... ಕ್ರರ್ರರ್" ಅಂತ ಶುರುವಾಯಿತು. ಅಜ್ಜಿ ಹೂ ಬಿಟ್ಟು ಎದ್ದು, ಮೊದಲು ದೇವರ ದೀಪ ನೋಡಿದರು. ಆಮೇಲೆ ಅಣ್ಣನನ್ನು ನೋಡಿದರು.

ಲೋಡ್ ಮಾಡುವುದು ಇನ್ನೊಂದು ವ್ರತ. ಜೆ ಒತ್ತಿದರೆ ಇಡೀ ಲೋಡ್ ಅನ್ನುವ ಪದವೇ ಬಂದುಬಿಡುತ್ತಿತ್ತು, ಪಿ ಒತ್ತಿದರೆ ಪ್ರಿಂಟ್. ಕ್ಯಾಸೆಟ್ ಹಾಕಿ, ವಾಲ್ಯೂಮ್ ಮುಕ್ಕಾಲಿಗಿಟ್ಟು, ಪರದೆಯ ಅಂಚಿನಲ್ಲಿ ಓಡುವ ಪಟ್ಟೆಗಳನ್ನು ನೋಡುತ್ತಾ ಕೂರಬೇಕು. ದೊಡ್ಡ ಆಟಕ್ಕೆ ಐದು ನಿಮಿಷ. ನಾಲ್ಕೂ ಮುಕ್ಕಾಲು ನಿಮಿಷಕ್ಕೆ ಸರಿಯಾಗಿ "ಆರ್ ಟೇಪ್ ಲೋಡಿಂಗ್ ಎರರ್" ಅಂತ ಬರುತ್ತಿತ್ತು. ಮೊದಲ ನಿಮಿಷದಲ್ಲೇ ಹೇಳಿದ್ದರೆ ಅದರ ಗಂಟೇನು ಹೋಗುತ್ತಿತ್ತು, ಅಲ್ವಾ?

ಇದಕ್ಕೆ ಮದ್ದು ಸ್ಕ್ರೂಡ್ರೈವರ್. ಟೇಪ್ ಓದುವ ಹೆಡ್ ಪಕ್ಕದಲ್ಲಿ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಕ್ಯಾಸೆಟ್ ಓಡುತ್ತಿರುವಾಗಲೇ ಅದನ್ನು ತಿರುಗಿಸುತ್ತಾ ಹೋಗಿ, ಶಬ್ದ ಎಲ್ಲಿ ಚೂಪಾಗುತ್ತದೋ ಅಲ್ಲಿ ನಿಲ್ಲಿಸಬೇಕು. ಬೇರೆಯವರ ಮನೆಯಲ್ಲಿ ತುಂಬಿಸಿಕೊಂಡು ಬಂದ ಆಟಕ್ಕೆ ಹೆಡ್ ಹೊಂದಿತು. ಅಪ್ಪನ ಹಾಡುಗಳಿಗೆ ತಪ್ಪಿತು. "ಯಾಕೋ ಎಲ್ಲರೂ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳುತ್ತೆ" ಅಂತ ಅಪ್ಪ ರಿಪೇರಿ ಅಂಗಡಿಗೆ ಕೊಟ್ಟು ಸರಿ ಮಾಡಿಸಿಕೊಂಡು ಬರುವುದು, ಅಣ್ಣ ರಾತ್ರಿ ಮತ್ತೆ ತಿರುಗಿಸುವುದು. ಅಂಗಡಿಯವನಿಗೆ ನಮ್ಮ ಮನೆಯ ಮೇಲೆ ವಿಶೇಷ ಪ್ರೀತಿ ಇತ್ತು.

ಕರೆಂಟಿನ ಕಥೆ ಬೇರೆ. ಲಿಂಗನಮಕ್ಕಿ, ಜೋಗ ಎಲ್ಲ ನಮ್ಮ ಜಿಲ್ಲೆಯಲ್ಲೇ. ನಾಡಿಗೆಲ್ಲ ಬೆಳಕು ಕೊಟ್ಟು ನಾವು ಮಧ್ಯಾಹ್ನ ಬೀಸಣಿಗೆ ಹಿಡಿದು ಕೂರುತ್ತಿದ್ದೆವು. ಅದಕ್ಕಿಂತ ಅಪಾಯ ಎ ಅಕ್ಷರ. ಅದನ್ನೊತ್ತಿದರೆ ನ್ಯೂ ಅಂತ ಬರುತ್ತದೆ. ಎಂಟರ್ ಒತ್ತಿದರೆ ಇದ್ದಬದ್ದ ಪ್ರೋಗ್ರಾಮೆಲ್ಲ ಮಾಯ. ಖಚಿತವೇ, ಯೋಚಿಸಿದಿರಾ ಅಂತ ಒಂದು ಮಾತು ಕೇಳುವುದಿಲ್ಲ. ಅಣ್ಣ ಮ್ಯಾಗಜೀನು ನೋಡಿಕೊಂಡು ಇಡೀ ಭಾನುವಾರ ಟೈಪ್ ಮಾಡಿ ನೀರು ಕುಡಿಯಲು ಎದ್ದ. ಪಕ್ಕದ ಮನೆಯ ಹುಡುಗ ಬಂದು ತನ್ನ ಹೆಸರು ಬರೆಯಲು ಕೂತ. ಅವನ ಹೆಸರು ಎ ಇಂದ ಶುರು.

ಈ ಅಣ್ಣ ಈಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿ ಹಳೇ ಕಂಪ್ಯೂಟರುಗಳೆಲ್ಲ ಒಂದೊಂದಾಗಿ ಪುನರ್ಜನ್ಮ ಎತ್ತುತ್ತಿವೆಯಂತೆ. ಕಮೊಡೋರ್ 64ರ ಪೂರ್ತಿ ಅಳತೆಯ ನಕಲು 2019ರಲ್ಲೇ ಬಂತು. ಕೀಬೋರ್ಡಿನೊಳಗೇ ಕಂಪ್ಯೂಟರ್ ಅಡಗಿಸಿದ ರಾಸ್ಪ್‌ಬೆರಿ ಪೈ 400 ಬಂದಿದ್ದು 2020ರಲ್ಲಿ. 2024ರ ನವೆಂಬರಿನಲ್ಲಿ ರೆಟ್ರೊ ಗೇಮ್ಸ್ ಅನ್ನುವ ಕಂಪನಿ 'ದಿ ಸ್ಪೆಕ್ಟ್ರಮ್' ಬಿಟ್ಟಿತು. ಅಣ್ಣ ರಜೆಗೆ ಬರುವಾಗ ಅದನ್ನು ಬಟ್ಟೆಗಳ ನಡುವೆ ಸುತ್ತಿಕೊಂಡು ತಂದ.

ನೋಡಿದರೆ ರಬ್ಬರ್ ಕೀಲಿಗಳು! 1982ರ ಮೊದಲ ಸ್ಪೆಕ್ಟ್ರಮ್‌ನಲ್ಲಿ ಇದ್ದದ್ದು ಅವು. ನಮ್ಮ ಪ್ಲಸ್‌ನಲ್ಲಿ ಗಟ್ಟಿ ಪ್ಲಾಸ್ಟಿಕ್ ಕೀಲಿಗಳಿದ್ದವು. ಆದರೂ ಅಣ್ಣ ಆ ರಬ್ಬರ್ ಒತ್ತಿ, "ಅದೇ ಫೀಲಿಂಗು ಕಣೋ" ಅಂತ ಕಣ್ಣು ಮುಚ್ಚಿದ. ನಾನು ಸುಮ್ನೆ ತಲೆಯಾಡಿಸಿದೆ. ಅಷ್ಟು ದೂರದಿಂದ ಹೊತ್ತು ತಂದವನಿಗೆ ಏನು ಹೇಳುವುದು?

48 ಆಟಗಳನ್ನು ಒಳಗೇ ತುಂಬಿಟ್ಟಿದ್ದಾರೆ. ಟೇಪಿಲ್ಲ, ಸ್ಕ್ರೂ ಇಲ್ಲ. ಲೋಡಿಂಗ್ ಅಂದರೆ ಏನು ಅಂತ ಅಣ್ಣ ನನ್ನ ಮಗಳಿಗೆ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಆಟ ಶುರುವಾಗಿ ಅವಳು ಒಂದು ಸಲ ಸತ್ತೂ ಆಗಿತ್ತು. ಅಣ್ಣನಿಗೆ ತಡೆಯಲಿಲ್ಲ. ಫೋನಿನಲ್ಲಿ ಆ ಲೋಡಿಂಗ್ ಶಬ್ದ ಹುಡುಕಿ ಜೋರಾಗಿ ಹಾಕಿದ. ಕೆಳಗಿನ ಮನೆಯವರು ಬಂದು "ನೀರಿನ ಮೋಟರ್ ಕೆಟ್ಟಿದೆಯಾ?" ಅಂದರು.

ಇಷ್ಟೆಲ್ಲ ಸುಧಾರಿಸಿದ ಈ ಹೊಸ ಅವತಾರಕ್ಕೂ ಸ್ವಂತ ಪರದೆ ಇಲ್ಲ! ಎಚ್‌ಡಿಎಂಐ ವೈರು ಕೊಟ್ಟು, ಟೀವಿ ನೀವೇ ನೋಡಿಕೊಳ್ಳಿ ಅಂದಿದ್ದಾರೆ. ನಮ್ಮ ಟೀವಿ ಗೋಡೆಗೆ ಅಂಟಿಕೊಂಡಿದೆ. ಹಿಂದಿನ ಕಿಂಡಿಗೆ ಕೈ ಹೋಗುವುದಿಲ್ಲ. ಪಕ್ಕದ ಕಿಂಡಿಯಲ್ಲಿ ಸೆಟ್ ಟಾಪ್ ಬಾಕ್ಸ್ ಇದೆ. ಅದನ್ನು ಕಿತ್ತೆವು. ರಾತ್ರಿ ವಾಪಸ್ ಹಾಕಿದಾಗ "ನೋ ಸಿಗ್ನಲ್". ಹೆಂಡತಿಯ ಧಾರಾವಾಹಿಯಲ್ಲಿ ಅವತ್ತೇ ಮದುವೆ. ಮೂರು ವಾರದಿಂದ ಮುಂದಕ್ಕೆ ಹೋಗುತ್ತಿದ್ದ ಮುಹೂರ್ತ ನಮ್ಮ ಗ್ರಹಚಾರಕ್ಕೆ ಅವತ್ತೇ ಕೂಡಿಬಂದಿತ್ತು. ಅಣ್ಣ ಅಭ್ಯಾಸಬಲದಿಂದ ತಾರಸಿಯ ಕಡೆ ನಡೆದ.

ಲಗೇಜು ಜಾಸ್ತಿ ಆಯಿತು ಅಂತ ಅಣ್ಣ ಅದನ್ನು ಇಲ್ಲೇ ಬಿಟ್ಟು ಹೋಗಿದ್ದಾನೆ. ಅವನು ಕಲಿಸಿಹೋದ ಬೇಸಿಕ್ ಅನ್ನುವ ಕಂಪ್ಯೂಟರ್ ಭಾಷೆಯ ಎರಡು ಸಾಲಿನ ಪ್ರೋಗ್ರಾಂ ಮಗಳ ಕೈಯಲ್ಲಿ ಬೆಳೆದಿದೆ. ಹತ್ತನೇ ಸಾಲಿನಲ್ಲಿ 'ಅಮ್ಮಾ ಸೀರಿಯಲ್ ಬೇಡ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಪ್ರಿಂಟ್, ಇಪ್ಪತ್ತನೇ ಸಾಲಿನಲ್ಲಿ ವಾಪಸ್ ಹತ್ತಕ್ಕೆ ಹೋಗು. ಓಡಿಸಿದರೆ ಇಡೀ ಪರದೆ ಅದೇ ಘೋಷಣೆ. ಆದರೆ ಪರದೆ ತುಂಬಿದ ಕೂಡಲೇ ಸ್ಪೆಕ್ಟ್ರಮ್ ನಿಂತು, ಕೆಳಗೆ "ಸ್ಕ್ರೋಲ್?" ಅಂತ ಕೇಳುತ್ತದೆ.

"ಇದೇನಪ್ಪಾ, ಪ್ರತೀ ಸಲ ಪರ್ಮಿಷನ್ ಕೇಳುತ್ತೆ!" ಅಂತ ಮಗಳು ಗೊಣಗಿದಳು. ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದ ಅವಳಮ್ಮ ಪರದೆ ಓದಿ, ಬಗ್ಗಿ ಎನ್ ಒತ್ತಿ, ರಿಮೋಟ್ ತಗೊಂಡಳು.